ಉಮ್ಮೆ ಕುಲ್ಸುಂ, ವಯಸ್ಸು ಅರವತ್ತೆರಡು

ಆ ಬೆಳಿಗ್ಗೆ ಹಲಸೂರು ಕೆರೆಯ ಮೇಲೆ ಮಂಜು ಕೂತಿತ್ತು. ಸಂಕ್ರಾಂತಿ ಕಳೆದು ವಾರವಾಗಿದ್ದರೂ ಚಳಿ ಊರು ಬಿಟ್ಟಿರಲಿಲ್ಲ. ಬಸ್ಸಿನ ಕಿಟಕಿಯಿಂದ ನೋಡಿದರೆ ನೀರೆಲ್ಲಿ ಮುಗಿಯಿತು, ದಂಡೆಯೆಲ್ಲಿ ಶುರುವಾಯಿತು ಎಂದು ಹೇಳುವಂತಿರಲಿಲ್ಲ. ಬಟ್ಟೆ ಒಗೆಯುವವರು ಕಾಣದೆ, ಒದ್ದೆ ಬಟ್ಟೆ ಕಲ್ಲಿಗೆ ಬೀಳುವ ಸದ್ದು ಮಾತ್ರ ಕೇಳುತ್ತಿತ್ತು. ಶಮೀಮ್ ಸೆರಗನ್ನು ತಲೆಯ ಮೇಲೆ ಇನ್ನಷ್ಟು ಎಳೆದುಕೊಂಡು, ಇವತ್ತಾದರೂ ಕೊಡಿಸು ಎಂದು ಬಾಯೊಳಗೇ ಅಲ್ಲಾಹನಲ್ಲಿ ಬೇಡಿಕೊಂಡಳು. ಬೇಡಿದ್ದು ದೊಡ್ಡದೇನಲ್ಲ. ತಾನು ಬರೆದ ಒಂದು ಅಧ್ಯಾಯ, ತಾನು ತುಂಬಿಸಿದ ಒಂದು ನೋಟುಬುಕ್ಕು. ಎರಡೂ ಅವಳ ಗೈಡು ಪ್ರೊಫೆಸರ್ ಹಯಗ್ರೀವರ ಮನೆಯಲ್ಲಿದ್ದವು. ಕೇಳಲು ಹೋಗುತ್ತಿರುವುದು ಇದು ಆರನೆಯ ಸಲ.

ಅದು ಎಪ್ಪತ್ತೈದನೆಯ ಇಸವಿ. ಶಮೀಮಳಿಗೆ ಮೂವತ್ತೊಂದು. ಫ್ರೇಜರ್ ಟೌನಿನ ಹೆಣ್ಣುಮಕ್ಕಳ ಸ್ಕೂಲೊಂದರಲ್ಲಿ ಕನ್ನಡ ಪಾಠ ಹೇಳಿ, ಸಂಜೆ ಶಿವಾಜಿನಗರದ ಗಲ್ಲಿಯ ಮನೆಗೆ ಬಂದು, ಐದು ವರ್ಷದಿಂದ ಪಿಎಚ್.ಡಿ. ಪ್ರಬಂಧಕ್ಕೆ ಅಂಟಿಕೊಂಡಿದ್ದಳು. ಅವಳ ವಿಷಯ ಬೀಸುಕಲ್ಲಿನ ಹಾಡುಗಳು. ಗಲ್ಲಿಯ ಹೆಂಗಸರು ನಸುಕಿನಲ್ಲಿ ಎದ್ದು ರಾಗಿ, ಗೋಧಿ ಬೀಸುತ್ತ ದಖನಿ ಉರ್ದುವಿನಲ್ಲಿ ಹಾಡಿಕೊಳ್ಳುತ್ತಿದ್ದುದನ್ನು ಕೇಳಿ, ಬರೆದುಕೊಂಡು, ಕನ್ನಡಕ್ಕೆ ತರುತ್ತಿದ್ದಳು. ಹಾಡು ಕೂಡಿಸಿದ ನಾಲ್ಕು ವರ್ಷ ಹಬ್ಬದಂತೆ ಕಳೆದಿತ್ತು. ಬರೆದು ಮುಗಿಸುವ ಐದನೆಯ ವರ್ಷ ಮನುಷ್ಯರನ್ನು ಸವೆಸುವಂಥದ್ದು. ಅಡಿಟಿಪ್ಪಣಿ, ಗ್ರಂಥಸೂಚಿ, ದಾರಕ್ಕೆ ಪೋಣಿಸಿದ ಚೀಟಿಗಳ ಮಾಲೆ. ಮನೆಯಲ್ಲಿ ಮೇಜು ಬೇರೆ ಇರಲಿಲ್ಲ. ತಂದೆ ಇನಾಯತ್ ಉಲ್ಲಾ ಟ್ರಂಕು ಮಾಡಿ ಮಾರುವವರು, ಮುಂದಿನ ಕೋಣೆಯೇ ಅಂಗಡಿ. ಅಲ್ಲಿನ ದೊಡ್ಡ ಟ್ರಂಕೊಂದರ ಮೇಲೆ ಕಾಗದ ಹರಡಿಕೊಂಡು ಬರೆಯುತ್ತಿದ್ದಳು. ಊರಲ್ಲಿ ಮದುವೆಗಳು ನಡೆಯುವ ಕಾಲದಲ್ಲಿ ಎರಡು ಸಲ ಅವಳು ಬರೆಯುತ್ತಿದ್ದ ಹಾಗೆಯೇ ಮೇಜು ಮಾರಾಟವಾಗಿತ್ತು. "ಪಿಎಚ್.ಡಿ. ಓದಿದ ಪೆಟ್ಟಿಗೆ, ಒಂದ್ರೂಪಾಯಿ ಜಾಸ್ತಿ" ಎಂದು ಇನಾಯತ್ ಉಲ್ಲಾ ಗಿರಾಕಿಗಳ ಮುಂದೆ ತಮಾಷೆ ಮಾಡುತ್ತಿದ್ದರು.

ಫೆಬ್ರವರಿಯ ಕೊನೆಯ ದಿನದೊಳಗೆ ಪ್ರಬಂಧದ ಐದು ಪ್ರತಿಗಳು ಬೈಂಡ್ ಆಗಿ, ಗೈಡು ಸಹಿ ಮಾಡಿದ ಸರ್ಟಿಫಿಕೇಟಿನೊಂದಿಗೆ ವಿಶ್ವವಿದ್ಯಾಲಯ ಸೇರಬೇಕಿತ್ತು. ಸೇರದಿದ್ದರೆ ನೋಂದಣಿ ರದ್ದು. ನಾಲ್ಕು ಅಧ್ಯಾಯಗಳನ್ನು ಹಲಸೂರಿನ ಟೈಪಿಸ್ಟ್ ಕೃಷ್ಣಸ್ವಾಮಿ ಟೈಪು ಮಾಡಿ ಮುಗಿಸಿದ್ದರು. ಉಳಿದದ್ದು ಮೂರನೆಯದು, ಹಾಡುಗಳಿದ್ದದ್ದು. ಅದನ್ನೂ ನೋಟುಬುಕ್ಕನ್ನೂ ಪ್ರೊಫೆಸರು ದಸರಾಕ್ಕೆ ಮುಂಚೆ, ಒಂದು ಸಲ ಕಣ್ಣಾಡಿಸಿ ಕೊಡುತ್ತೇನೆಂದು ಇಟ್ಟುಕೊಂಡಿದ್ದರು. ಕೈಬರಹದ ಒಂದೇ ಪ್ರತಿ. ಹಾಡು ಕೊಟ್ಟವರು ಪಕ್ಕದಲ್ಲೇ ಇರುವಾಗ ಇನ್ನೊಂದು ಪ್ರತಿ ಯಾಕೆ ಎಂದು ಅವಳು ಉದಾಸೀನ ಮಾಡಿದ್ದಳು.

ಆ ನೋಟುಬುಕ್ಕಿನ ವಿಷಯ ಇಲ್ಲೇ ಹೇಳಿಬಿಡಬೇಕು. ಗಲ್ಲಿಯ ಹನ್ನೊಂದು ಜನ ಹೆಂಗಸರು ಅವಳಿಗೆ ಹಾಡಿದ್ದರು. ಹಾಡಲು ಯಾರೂ ಹಿಂಜರಿಯಲಿಲ್ಲ. ಹೆಸರು ಬರೆದುಕೊಳ್ಳುತ್ತೇನೆಂದಾಗ ಎಲ್ಲರ ಬಾಯಿ ಮುಚ್ಚಿತು. ಬೀಸುಕಲ್ಲಿನ ಮುಂದೆ ಹೆಂಗಸು ಸಿಟ್ಟು ತೋಡಿಕೊಳ್ಳುವುದು ಅತ್ತೆಯ ಮೇಲೆ, ಗಂಡನ ಮೇಲೆ, ಒಂದೊಂದು ಸಲ ದೇವರ ಮೇಲೂ. ಆ ದನಿ ಬಾಗಿಲ ಪರದೆಯ ಆಚೆ ಹೋಗುವುದೇ ಹೆಚ್ಚು. ಇಂಥವರ ಮನೆಯವಳು ಎಂದು ಹೆಸರಿನೊಂದಿಗೆ ಹೋದರೆ ಬಜಾರಿನಲ್ಲಿ ಗಂಡಸರು ತಲೆಯೆತ್ತುವುದು ಹೇಗೆ? ಕೊನೆಗೆ ದಾರಿ ತೋರಿಸಿದವಳು ಶಮೀಮಳ ಸೋದರತ್ತೆ ಫಹ್ಮಿದಾ. ಎಲ್ಲರಿಗಿಂತ ಹೆಚ್ಚು ಹಾಡು ಬಲ್ಲವಳು, ಗಂಡ ಸತ್ತ ಮೇಲೆ ತಮ್ಮನ ಮನೆಯಲ್ಲೇ ಉಳಿದವಳು.

"ತೀರ್ಕೊಂಡೋರ ಹೆಸರು ಬರಿ, ಬೇಟಿ," ಎಂದಿದ್ದಳು. "ಅವರಿಗೆ ಯಾರ ಭಯ? ನನ್ನ ಹಾಡನ್ನ ಕುಲ್ಸುಂಗೆ ಕೊಡು. ಇದ್ದಿದ್ರೆ ಅವಳಿಗೇ ಕಲಿಸ್ತಿದ್ದೆ."

ಉಮ್ಮೆ ಕುಲ್ಸುಂ ಶಮೀಮಳ ತಂಗಿ, ನಾಲ್ಕು ವರ್ಷಕ್ಕೆ ಗಂಟಲಬೇನೆಯಲ್ಲಿ ಹೋದವಳು. ಹೀಗೆ ಹನ್ನೊಂದು ಹೆಂಗಸರಿಗೆ ಹನ್ನೊಂದು ತೀರಿಕೊಂಡವರ ಹೆಸರು ಬಂತು. ವಯಸ್ಸು ಮಾತ್ರ ಹಾಡಿದವರದೇ. ಯಾರ ಹಾಡಿಗೆ ಯಾರ ಹೆಸರು ಎಂಬುದನ್ನು ಶಮೀಮ್ ನೋಟುಬುಕ್ಕಿನ ಕೊನೆಯ ಹಾಳೆಯಲ್ಲಿ, ಉರ್ದು ಲಿಪಿಯಲ್ಲಿ ಬರೆದಿಟ್ಟಳು. ಹೆಸರುಗಳನ್ನು ಬದಲಾಯಿಸಿದೆ ಎಂದು ಅಧ್ಯಾಯದಲ್ಲಿ ಒಂದು ಅಡಿಟಿಪ್ಪಣಿ ಹಾಕಬೇಕಿತ್ತು. ಕೊನೆಯ ಪ್ರತಿಯಲ್ಲಿ ಸೇರಿಸಿದರಾಯಿತು ಎಂದು ಬಿಟ್ಟಳು. ಪ್ರಬಂಧ ಬರೆದು ಮುಗಿಸುವವರೆಲ್ಲ ಏನಾದರೊಂದನ್ನು ಹಾಗೆ ಕೊನೆಗೆಂದು ಬಿಟ್ಟಿರುತ್ತಾರೆ.

ಇಂದಿರಾನಗರದಲ್ಲಿ ಆಗಿನ್ನೂ ಮನೆಗಳಿಗಿಂತ ಸೈಟಿನ ಗಡಿಗಲ್ಲುಗಳೇ ಹೆಚ್ಚು. ಬಸ್ಸಿಳಿದು ಕೆಮ್ಮಣ್ಣಿನ ರಸ್ತೆಯಲ್ಲಿ ಇಪ್ಪತ್ತು ನಿಮಿಷ ನಡೆದರೆ ಪ್ರೊಫೆಸರ ಹೊಸ ಮನೆ. ಅಂದು ಭಾನುವಾರ, ಅವರು ಪೂಜೆಗೆ ಕೂತಿದ್ದರು. ಒಳಗಿನಿಂದ ಗಂಟೆಯ ಸದ್ದೂ ತುಳಸಿಯ ವಾಸನೆಯೂ ಬರುತ್ತಿದ್ದವು. ದೇವರ ಮುಂದೆ ಕೂತ ಮನುಷ್ಯನನ್ನು ಅವಸರ ಮಾಡಬಾರದೆಂದು ಶಮೀಮ್ ವರಾಂಡದಲ್ಲಿ ಕಾದಳು. ಪ್ರೊಫೆಸರ ಹೆಂಡತಿ ಅಲಮೇಲು ಕಾಫಿ ತಂದುಕೊಟ್ಟು ಎದುರಿಗೇ ಕೂತರು. ಐವತ್ತರ ಹೆಂಗಸು, ಬಲಗೈ ಬೆರಳಿಗೆ ಯಾವಾಗಲೂ ಶಾಯಿಯ ಕಲೆ. ಪ್ರೊಫೆಸರ ಅಕ್ಷರ ಪ್ರೆಸ್ಸಿನವರಿಗೆ ತಿಳಿಯುತ್ತಿರಲಿಲ್ಲವಾದ್ದರಿಂದ ಅವರು ಬರೆದದ್ದನ್ನೆಲ್ಲ ಶುದ್ಧಪ್ರತಿ ಮಾಡುತ್ತಿದ್ದವರು ಈಕೆ. ಮೂವತ್ತು ವರ್ಷದಲ್ಲಿ ಮೂರು ಪುಸ್ತಕ, ನಲವತ್ತು ಲೇಖನ ಆ ಕೈಯಿಂದ ಹೋಗಿದ್ದವು. ಯಾವ ಮುನ್ನುಡಿಯಲ್ಲೂ ಆ ಮಾತಿರಲಿಲ್ಲ. ಅಂಥ ಮನೆಗಳಲ್ಲಿ ಅದು ಅಡುಗೆ ಮಾಡಿದಷ್ಟೇ ಸಹಜ.

ಚಳಿಯಲ್ಲಿ ಅಷ್ಟು ದೂರದಿಂದ ಬಂದೆಯಲ್ಲ ಎಂದು ಅಲಮೇಲು ಉಪಚಾರ ಹೇಳಿದರು. ಆಮೇಲೆ, ಕೇಳಲೋ ಬೇಡವೋ ಎನ್ನುವಂತೆ, "ಆ ಉಮ್ಮೆ ಕುಲ್ಸುಂ ಅಜ್ಜಿ ನಿಮ್ಮ ಗಲ್ಲಿಯವರೇ ಅಲ್ವೇನಮ್ಮ? ಹೇಗಿದಾರೆ?" ಎಂದರು.

ಶಮೀಮ್ ಕಾಫಿಯ ಲೋಟವನ್ನು ಕೆಳಗಿಟ್ಟಳು.

"ಬರೀವಾಗ ನಂಗೆ ಅಳು ಬಂದ್ಬಿಡ್ತು. ಕಲ್ಲೇ, ನಿನಗೆ ಹಲ್ಲಿದೆ, ನಾಲಗೆಯಿಲ್ಲ, ಅದಕ್ಕೇ ನಿನಗೆ ಹೇಳ್ತೀನಿ ಅಂತಾರಲ್ಲ, ನಾನೂ ಒರಳ ಮುಂದೆ ಕೂತು ಎಷ್ಟೋ ಹೇಳ್ಕೊಂಡಿದೀನಿ. ಇವರು ಮೂರು ಮಧ್ಯಾಹ್ನ ಅವರ ಮನೇಲಿ ಕೂತು ಕೇಳಿದ್ರಂತೆ. ನನ್ನನ್ನೂ ಕರ್ಕೊಂಡು ಹೋಗಿ ಅಂದೆ. ಅಲ್ಲೆಲ್ಲ ನೀನ್ಯಾಕೆ ಅಂದ್ಬಿಟ್ರು."

"ಎಲ್ಲಿಗೆ ಬರೆದ್ರಿ ಅಮ್ಮಾ?"

"ಪ್ರೆಸ್ಸಿಗೆ. ಮೊನ್ನೆ ಅಚ್ಚಾಗಿ ಬಂತಲ್ಲ, ನೋಡ್ಲಿಲ್ವಾ?"

ಒಳಗೆ ಹೋಗಿ ಒಂದು ಸಂಶೋಧನಾ ತ್ರೈಮಾಸಿಕ ತಂದುಕೊಟ್ಟರು. ಕೊಡುವಾಗ ಅವರ ಮುಖದಲ್ಲಿ ಸಂತೋಷವೇ ಇತ್ತು. ಶಮೀಮ್ ಓದಿದಳು. ತನ್ನ ಅಧ್ಯಾಯದ ವಾಕ್ಯಗಳು ಒಂದರ ಹಿಂದೊಂದು ತನ್ನ ಕ್ರಮದಲ್ಲೇ ಬರುತ್ತಿದ್ದವು. ಹೊಸದಾಗಿ ಸೇರಿದ್ದು ಎರಡೇ ಮಾತು. ಶಿವಾಜಿನಗರದ ಅರವತ್ತೆರಡು ವರ್ಷದ ಶ್ರೀಮತಿ ಉಮ್ಮೆ ಕುಲ್ಸುಂ ಅವರೊಡನೆ ಲೇಖಕರು ಮೂರು ಮಧ್ಯಾಹ್ನಗಳನ್ನು ಕಳೆದರು ಎಂಬುದು ಒಂದು. ದಖನಿಯನ್ನು ಅರ್ಥೈಸಲು ಸ್ಥಳೀಯ ಹುಡುಗಿಯೊಬ್ಬಳು ನೆರವಾದಳು ಎಂಬುದು ಇನ್ನೊಂದು. ಆ ಹುಡುಗಿ ತಾನೆಂದು ತಿಳಿಯಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ಗಲ್ಲಿಯ ಆ ಮನೆಗಳಲ್ಲಿ ಹಾಲಿನವನೂ ಪಾತ್ರೆಯನ್ನು ಪರದೆಯ ಹೊರಗೇ ಇಟ್ಟು ಹೋಗುತ್ತಾನೆ. ಅಂಥ ಕಡೆ ಪರಗಂಡಸೊಬ್ಬ ಮೂರು ಮಧ್ಯಾಹ್ನ ಕೂತನಂತೆ. ತ್ರೈಮಾಸಿಕ ಓದುವವರು ಯಾರೂ ಆ ಪರದೆಯನ್ನು ಕಂಡವರಲ್ಲ.

"ಅವಳು ಅಜ್ಜಿ ಆಗ್ಲೇ ಇಲ್ಲ ಅಮ್ಮಾ," ಎಂದಳು ಶಮೀಮ್. "ನನ್ನ ತಂಗಿ ಅವಳು. ನಾಲ್ಕು ವರ್ಷಕ್ಕೆ ಹೋದ್ಲು."

ಹೆಸರು ಬದಲಾಯಿಸಿದ ಕತೆಯನ್ನು ನಾಲ್ಕು ಮಾತಿನಲ್ಲಿ ಹೇಳಿದಳು. ಅಲಮೇಲು ಕೇಳಿಸಿಕೊಂಡರು. ತಮ್ಮ ಬೆರಳಿನ ಶಾಯಿಯನ್ನು ಸೆರಗಿಗೆ ಒರೆಸಿಕೊಂಡರು, ಅದು ಹೋಗುವಂಥದಲ್ಲದಿದ್ದರೂ. ಒಳಗೆ ಎದ್ದುಹೋದರು. ದೇವರು ಆ ಮಗುವಿಗೆ ನಾಲ್ಕು ವರ್ಷ ಕೊಟ್ಟಿದ್ದ. ಪ್ರೊಫೆಸರು ಅದಕ್ಕೆ ಐವತ್ತೆಂಟು ಸೇರಿಸಿದ್ದರು.

ಪೂಜೆ ಮುಗಿಸಿ, ಹಣೆಯ ಮೇಲೆ ನಾಮ ಇನ್ನೂ ಒದ್ದೆಯಿರುವಾಗಲೇ ಹಯಗ್ರೀವರು ಹೊರಗೆ ಬಂದರು. ಅವಳ ಕೈಯಲ್ಲಿದ್ದ ಸಂಚಿಕೆಯನ್ನು ನೋಡಿದರು. ನಾಚಿಕೆಪಟ್ಟವರಂತೆ ಕಾಣಲಿಲ್ಲ. ಮೆತ್ತನೆಯ ದನಿಯಲ್ಲಿ, ಪ್ರಸಾದ ಹಂಚುವವರಂತೆ, ಇದೆಲ್ಲ ಅವಳ ಒಳ್ಳೆಯದಕ್ಕೇ ಎಂದು ಹೇಳಿದರು. ಹೆಸರಿಲ್ಲದವರು ಬರೆದರೆ ಈ ಹಾಡುಗಳನ್ನು ಯಾರೂ ಲಕ್ಷಿಸುತ್ತಿರಲಿಲ್ಲ. ಈಗ ಅವಳ ಪ್ರಬಂಧಕ್ಕೆ ಅಚ್ಚಾದ ಆಧಾರವೊಂದು ಸಿಕ್ಕಿತು. ಗುರುವಿನ ಕೆಲಸ, ಶಿಷ್ಯೆಯ ಕೆಲಸ ಎಂದು ಹಾಲನ್ನೂ ನೀರನ್ನೂ ಸೋಸಿ ಬೇರೆ ಮಾಡಲು ಬರುತ್ತದೆಯೇ ಎಂದರು. ಅಧ್ಯಾಯದ ಹಾಳೆಗಳು ಪ್ರೆಸ್ಸಿಗೆ ಹೋಗಿದ್ದವು, ಅಲ್ಲೇ ರದ್ದಿಗೆ ಸೇರಿರಬೇಕು ಎಂದರು.

"ಆ ಮೂರನೇ ಚಾಪ್ಟರ್ ನೀನು ತೆಗೆದ್ಬಿಡು. ಅಚ್ಚಾಗಿರೋದನ್ನ ಮತ್ತೆ ನಂದು ಅಂತ ಹಾಕಿದ್ರೆ ಎಕ್ಸಾಮಿನರ್ ಏನಂತಾರೆ? ಕಳ್ಳಿ ಅಂತಾರೆ."

ಶಮೀಮ್ ಯಾವತ್ತೂ ಅವರ ಎದುರು ದನಿಯೆತ್ತಿದವಳಲ್ಲ. ಈಗಲೂ ಎತ್ತಲಿಲ್ಲ.

"ಸರ್, ನೀವು ಮೂರು ಮಧ್ಯಾಹ್ನ ಕೂತಿದ್ದು ನನ್ನ ತಂಗಿ ಜತೆ. ಅವಳು ತೀರ್ಕೊಂಡು ಇಪ್ಪತ್ನಾಲ್ಕು ವರ್ಷ ಆಯ್ತು. ಆ ಹನ್ನೊಂದು ಜನಾನೂ ಈಗಿಲ್ಲ."

ಪ್ರೊಫೆಸರು ಸಂಚಿಕೆಯನ್ನು ಅವಳ ಕೈಯಿಂದ ತೆಗೆದುಕೊಂಡು ಆ ಪುಟವನ್ನು ಮತ್ತೆ ಓದಿದರು. ಬಸ್ಸಿನಲ್ಲಿ ಬೇಡಿಕೊಂಡದ್ದನ್ನು ಅಲ್ಲಾಹ ಕೊಟ್ಟನೆಂದೇ ಅವಳು ತಿಳಿದಳು. ಸತ್ಯ ಎದುರಿಗೆ ಬಂದು ನಿಂತರೆ ಸುಳ್ಳು ತಾನಾಗಿ ಕುಸಿಯುತ್ತದೆ ಎಂದು ಮಕ್ಕಳಿಗೆ ಕಲಿಸುವವಳು ಅವಳು.

"ಹಾಗಾದ್ರೆ ನಿಜವಾದ ಹೆಸರು ನೋಟುಬುಕ್ಕಲ್ಲಿರಬೇಕು," ಎಂದರು ಅವರು ಕೊನೆಗೆ. "ಹಿಂದೆ ಉರ್ದುನಲ್ಲಿ ಏನೋ ಪಟ್ಟಿ ಇದೆ. ಯಾರ ಹತ್ರಾನಾದ್ರೂ ಓದಿಸ್ತೀನಿ. ಮುಂದಿನ ಸಂಚಿಕೆಗೆ ಒಂದು ತಿದ್ದುಪಡಿ. ಹೆಸರು ಮರೆಸಿಟ್ಟಿದ್ವಿ, ನಿಜವಾದವು ಹೀಗಿವೆ, ಅಷ್ಟೆ. ಹೇಳಿದ್ದು ಒಳ್ಳೇದಾಯ್ತು ನೀನು."

ಹೀಗೆ ತನ್ನ ಬಾಯಿಂದಲೇ ಅವಳು ಹನ್ನೊಂದು ಮನೆಯ ಬಾಗಿಲನ್ನು ಅವರಿಗೆ ತೋರಿಸಿಕೊಟ್ಟಿದ್ದಳು. ಆಮೇಲೆ ಅವಳು ಬೇಡಿದಳು. ಆ ಹೆಂಗಸರಿಗೆ ತಾನು ಕೊಟ್ಟ ಮಾತನ್ನು ಹೇಳಿದಳು, ಬಜಾರನ್ನು ಹೇಳಿದಳು. ಸಂಶೋಧನೆಯಲ್ಲಿ ದೆವ್ವಗಳಿಗೆ ಜಾಗವಿಲ್ಲ ಎಂದು ಅವರು ನಕ್ಕರು. ಕೊನೆಗೆ ಒಂದು ಒಪ್ಪಂದದಂಥದ್ದು ಆಯಿತು. ಅಧ್ಯಾಯವನ್ನು ಅವಳು ತೆಗೆಯುವುದು, ಅದರ ಜಾಗದಲ್ಲಿ ಅವರ ಲೇಖನವನ್ನು ಉಲ್ಲೇಖಿಸುವುದು, ಅವರು ಸರ್ಟಿಫಿಕೇಟಿಗೆ ಸಹಿ ಹಾಕುವುದು. ತಿದ್ದುಪಡಿಯ ವಿಷಯ ನೋಡೋಣ ಎಂದರು. ನೋಟುಬುಕ್ಕು ಕೇಳಿದರೆ, ಇಲ್ಲೇ ಇರಲಿ, ಭದ್ರವಾಗಿರುತ್ತದೆ ಎಂದರು.

ಅವಳು ಮನೆಗೆ ಬಂದಾಗ ಫಹ್ಮಿದಾ ಮೊರದಲ್ಲಿ ಗೋಧಿ ಆರಿಸುತ್ತಿದ್ದಳು. ಶಮೀಮ್ ಒಂದನ್ನೂ ಮುಚ್ಚಿಡಲಿಲ್ಲ. ಫಹ್ಮಿದಾ ಕಲ್ಲು ಹೆಕ್ಕುವುದನ್ನು ನಿಲ್ಲಿಸದೆಯೇ ಎಲ್ಲವನ್ನೂ ಕೇಳಿದಳು.

"ಹಾಡು ಹೋದ್ರೆ ಹೋಗ್ಲಿ," ಎಂದಳು. "ಅದು ನಂದೇನಲ್ಲ, ನಮ್ಮಮ್ಮ ಕೊಟ್ಟಿದ್ದು. ಆ ಮಗೂನ ಯಾಕೆ ಕೊಟ್ಟೆ ಅವನ ಕೈಗೆ?"

ಕುಲ್ಸುಂ ಹೆಸರು ಬರಿ ಎಂದದ್ದು ನೀನೇ ಎಂದು ಶಮೀಮ್ ಹೇಳಬಹುದಿತ್ತು. ಹೇಳಲಿಲ್ಲ. ಮರುದಿನ ನಸುಕಿನಲ್ಲಿ ಕಲ್ಲು ತಿರುಗಿತು, ಹಾಡು ಕೇಳಲಿಲ್ಲ. ಸುದ್ದಿ ಮಿಕ್ಕ ಹತ್ತು ಮನೆಗೂ ಹೋಯಿತು. ಆ ಹೆಂಗಸರಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಅವರ ಮಕ್ಕಳಿಗೆ ಬರುತ್ತಿತ್ತು, ಕಲಿಸಿದವಳು ಶಮೀಮಳೇ. ಯಾರೂ ಜಗಳಕ್ಕೆ ಬರಲಿಲ್ಲ. ಅವಳು ಗಲ್ಲಿಯಲ್ಲಿ ಹೋಗುವಾಗ, ಬಾ ಬೇಟಿ, ಚಹಾ ಕುಡಿದು ಹೋಗು ಎನ್ನುತ್ತಿದ್ದ ಪರದೆಗಳು ಸುಮ್ಮನಿದ್ದವು. ಇನಾಯತ್ ಉಲ್ಲಾ ಟ್ರಂಕಿನ ತಮಾಷೆಯನ್ನು ಬಿಟ್ಟರು.

ಪ್ರಬಂಧದ ಹೊಟ್ಟೆಯನ್ನು ಬಗೆದು ತೆಗೆದ ಮೇಲೆ ಉಳಿದದ್ದನ್ನು ಹೊಲಿಯುವ ಕೆಲಸವಿತ್ತು. ನಾಲ್ಕನೆಯದು ಮೂರಾಯಿತು, ಐದನೆಯದು ನಾಲ್ಕಾಯಿತು. ಅರವತ್ತೊಂದರಿಂದ ಮುಂದಿನ ಪ್ರತಿ ಪುಟದ ಸಂಖ್ಯೆಯನ್ನು ಕೃಷ್ಣಸ್ವಾಮಿ ಬ್ಲೇಡಿನಿಂದ ಕೆರೆದು, ಐದೂ ಪ್ರತಿಗಳಲ್ಲಿ ಮತ್ತೆ ಹೊಡೆದರು. ಆರು ಸಂಜೆ ಹಿಡಿಯಿತು. ಶಮೀಮ್ ಪಕ್ಕದಲ್ಲಿ ಕೂತು, ಹಿಂದೆ ಹೇಳಿದಂತೆ, ಮೂರನೆಯ ಅಧ್ಯಾಯದಲ್ಲಿ ನೋಡಿದಂತೆ ಎಂಬ ಮಾತುಗಳನ್ನು ಹುಡುಕಿ ಹುಡುಕಿ ಹೊಡೆದುಹಾಕುತ್ತಿದ್ದಳು. ಆದರೂ ಕೆಲವು ಉಳಿದವು.

"ನಡುಮನೇನೇ ಇಲ್ಲದ ಮನೆ ಆಯ್ತಲ್ಲಮ್ಮ ಇದು," ಎಂದರು ಕೃಷ್ಣಸ್ವಾಮಿ. ಅವರು ಐದು ವರ್ಷದಿಂದ ಸಂಶೋಧಕರ ಕಾಗದಗಳನ್ನು ಟೈಪು ಮಾಡುತ್ತಿದ್ದವರು. ಯಾಕೆ ಎಂದು ಕೇಳಲಿಲ್ಲ.

ಹೆಚ್ಚಿನ ವಿವರಕ್ಕೆ ಹಯಗ್ರೀವರ ಲೇಖನ ನೋಡಿ ಎಂಬ ಅಡಿಟಿಪ್ಪಣಿಯನ್ನು ಅವಳೇ ಹೇಳಿ ಬರೆಸಿದಳು. ಕೃತಜ್ಞತೆಯ ಪುಟದ ಮೊದಲ ಸಾಲಿನಲ್ಲಿ ಅವರ ಹೆಸರಿತ್ತು; ಆ ಸಾಲನ್ನು ಎಲ್ಲರೂ ಬರೆಯುತ್ತಾರೆ, ಅವಳೂ ಬರೆದಳು. ಫೆಬ್ರವರಿ ಇಪ್ಪತ್ತಾರರಂದು ಪ್ರೊಫೆಸರು ಸರ್ಟಿಫಿಕೇಟಿಗೆ ಸಹಿ ಹಾಕಿದರು. ಈ ಪ್ರಬಂಧವು ಅಭ್ಯರ್ಥಿಯ ಸ್ವಂತ ಸಂಶೋಧನೆಯ ಫಲವೆಂದು ದೃಢೀಕರಿಸುತ್ತೇನೆ ಎಂದು ಅದರಲ್ಲಿತ್ತು. ವಿಶ್ವವಿದ್ಯಾಲಯದ ಗುಮಾಸ್ತ ಪುಟ ಎಣಿಸಿ, ಸ್ವಲ್ಪ ತೆಳುವಾಯಿತು ಎಂದು ಹೇಳಿ, ಮೊಹರು ಒತ್ತಿದ.

ತ್ರೈಮಾಸಿಕದ ಮುಂದಿನ ಸಂಚಿಕೆ ಯುಗಾದಿಗೆ ಬರುವುದಿತ್ತು. ಪ್ರಬಂಧ ಒಪ್ಪಿಸಿದವರು ಆಮೇಲೆ ತಿಂಗಳುಗಟ್ಟಲೆ ನಿದ್ದೆ ಮಾಡುತ್ತಾರಂತೆ. ಶಮೀಮ್ ಐದು ಹೊತ್ತಿನ ನಮಾಜಿನಲ್ಲೂ ಒಂದನ್ನೇ ಕೇಳಿದಳು. ಡಿಗ್ರಿಯ ಮಾತನ್ನು ಎತ್ತಲಿಲ್ಲ. ಅದನ್ನು ಕೇಳಲು ನಾಲಗೆ ಹೊರಳುತ್ತಿರಲಿಲ್ಲ. ಹನ್ನೊಂದು ಹೆಸರುಗಳನ್ನು ಮನಸ್ಸಿನಲ್ಲೇ ಒಂದೊಂದಾಗಿ ಹೇಳಿ, ಇವರನ್ನು ಕಾಯಿ ಎನ್ನುತ್ತಿದ್ದಳು.

ಮಾರ್ಚ್ ಮೂರನೆಯ ವಾರ, ಶುಕ್ರವಾರ. ಗಂಡಸರೆಲ್ಲ ಜುಮ್ಮಾ ನಮಾಜಿಗೆ ಹೋಗಿ ಗಲ್ಲಿ ಬರಿದಾಗಿದ್ದ ಹೊತ್ತು. ಟ್ರಂಕಿನ ಅಂಗಡಿಯ ಮುಂದೆ ಕಚ್ಚೆಸೀರೆ ಉಟ್ಟ ಹೆಂಗಸೊಬ್ಬರು ನಿಂತು, ಒಳಗೆ ಬರಬಹುದೇ ಎಂದು ಕೇಳಿದರು. ಫಹ್ಮಿದಾ ಪರದೆ ಸರಿಸಿದಳು. ಶುಕ್ರವಾರದ ಅರ್ಧ ದಿನದ ಶಾಲೆ ಮುಗಿಸಿ ಆಗತಾನೇ ಬಂದಿದ್ದ ಶಮೀಮ್ ಒಳಗಿನಿಂದ ನೋಡಿದಳು. ಅಲಮೇಲು. ಬಿಸಿಲಿಗೆ ಮುಖ ಕೆಂಪಾಗಿತ್ತು. ಇಂದಿರಾನಗರದಿಂದ ಎರಡು ಬಸ್ಸು ಬದಲಾಯಿಸಿ, ದಾರಿ ಕೇಳಿಕೊಂಡು ಬಂದಿದ್ದರು. ಒಬ್ಬರೇ ಇಷ್ಟು ದೂರ ಬಂದದ್ದು ಇದೇ ಮೊದಲಂತೆ.

ಚಾಪೆಯ ಮೇಲೆ ಕೂತು ಅವರು ಸುತ್ತ ನೋಡಿದರು. ಮೂಲೆಯಲ್ಲಿ ಬೀಸುಕಲ್ಲಿತ್ತು. ತಮ್ಮ ಗಂಡ ಮೂರು ಮಧ್ಯಾಹ್ನ ಕೂತೆನೆಂದು ಹೇಳಿದ ಜಾಗವನ್ನು ಅವರು ನೋಡುತ್ತಿದ್ದಾರೆ ಎಂದು ಶಮೀಮಳಿಗೆ ತಿಳಿಯಿತು.

"ಆ ಕಲ್ಲಿನ ಹಾಡು ಹೇಳಿದ್ದು ಯಾರಮ್ಮ?" ಎಂದು ಕೇಳಿದರು.

ಶಮೀಮ್ ಬಾಯಿ ಬಿಡಲಿಲ್ಲ. ಮತ್ತೊಮ್ಮೆ ಆ ತಪ್ಪು ಅವಳಿಂದ ಆಗುವಂತಿರಲಿಲ್ಲ. ಉತ್ತರ ಕೊಟ್ಟವಳು ಫಹ್ಮಿದಾ.

"ನಾನೇ," ಎಂದಳು, ತನಗೆ ಬರುವಷ್ಟು ಕನ್ನಡದಲ್ಲಿ. "ಹೆಸರು ಫಹ್ಮಿದಾ."

ಅಲಮೇಲು ಕೈಜೋಡಿಸಿದರು. ಆಮೇಲೆ ಸ್ವಲ್ಪ ಸ್ವಲ್ಪವಾಗಿ ಹೇಳಿದರು. ಪ್ರೊಫೆಸರು ಪಟ್ಟಿಯನ್ನು ಯಾರಿಂದಲೋ ಓದಿಸಿ ಕನ್ನಡದಲ್ಲಿ ಬರೆದುಕೊಂಡಿದ್ದರು. ಶಮೀಮಳ ಸರ್ಟಿಫಿಕೇಟಿಗೆ ಸಹಿ ಹಾಕಿದ ವಾರವೇ ತಿದ್ದುಪಡಿಯನ್ನೂ ಬರೆದು, ಶುದ್ಧಪ್ರತಿ ಮಾಡೆಂದು ಹೆಂಡತಿಗೆ ಕೊಟ್ಟಿದ್ದರು.

"ಬರೆಯಲ್ಲ ಅಂದೆ. ಅವರಿಗೆ ನಾನು ಹೇಳಿದ್ದೇ ತಿಳೀಲಿಲ್ಲ. ನಾಳೆ ಬರಿ ಅಂದ್ರು. ಅದನ್ನೂ ನೋಟುಬುಕ್ಕನ್ನೂ ಎತ್ಕೊಂಡು ಬಂದ್ಬಿಟ್ಟೆ."

"ಅವರು ಕೇಳಿದ್ರೆ?" ಎಂದಳು ಶಮೀಮ್.

"ಕೇಳ್ತಾರೆ. ಕೊಡಬೇಕಾದೋರಿಗೆ ಕೊಟ್ಟೆ ಅಂತೀನಿ." ತಮ್ಮ ಬೆರಳಿನ ಶಾಯಿಯನ್ನು ನೋಡಿಕೊಂಡರು. "ಅಚ್ಚಾಗಿರೋದು ಹಾಗೇ ಇರತ್ತೆ ಕಣಮ್ಮ. ನಿನ್ನ ತಂಗಿ ಹೆಸರು, ಆ ಅರವತ್ತೆರಡು, ಎಲ್ಲ ಇರತ್ತೆ. ಅದಕ್ಕೆ ನನ್ನ ಕೈಲೇನೂ ಆಗಲ್ಲ. ಬರೆದ ಕೈಯೂ ನಂದೇ."

ಮಸೀದಿಯಲ್ಲಿ ಖುತ್ಬಾದ ಪ್ರವಚನ ಮುಗಿದು ನಮಾಜಿಗೆ ಸಾಲು ಕೂಡುವ ಸದ್ದು ಕೇಳಿತು. ಇನ್ನು ಸ್ವಲ್ಪ ಹೊತ್ತಿಗೆ ಗಂಡಸರು ಹಿಂದಿರುಗುತ್ತಾರೆ. ಅಲಮೇಲು ಎದ್ದು ನಿಂತು, ಸೆರಗಿನ ಒಳಗಿನಿಂದ ನೋಟುಬುಕ್ಕನ್ನು ತೆಗೆದರು. ಅದರ ನಡುವೆ ಪ್ರೊಫೆಸರ ಕೈಬರಹದ ಎರಡು ಹಾಳೆಗಳಿದ್ದವು, ಹೆಸರಿನ ಪಟ್ಟಿ ಒಂದು, ತಿದ್ದುಪಡಿ ಒಂದು. ಶಮೀಮ್ ಕೈ ಚಾಚಿದಳು. ಅಲಮೇಲು ಆ ಕೈಯನ್ನು ನೋಡಿದರು, ಮುಂದಕ್ಕೆ ಒಂದು ಹೆಜ್ಜೆ ಇಟ್ಟು, ಓದುಬರಹ ಬಾರದ ಫಹ್ಮಿದಾಳಿಗೆ ಅದನ್ನು ಎರಡೂ ಕೈಯಿಂದ ಕೊಟ್ಟರು.